ಹಳೆ ಯೆಜ್ಡಿಯನ್ನು ಬಿಚ್ಚಿ ಕಟ್ಟುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಗಾಡಿಗಳಲ್ಲಿ, ಪಾಯಿಂಟ್ (ಪ್ಲಗ್ಗಿನ ಕಿಡಿಯ ಸಮಯ ಹೊಂದಿಸುವ ಸ್ವಿಚ್ಚು) ಮತ್ತು 6 ವೋಲ್ಟ್ ಡೈನಮೋ ಇರುವ 250 ಸಿಸಿ ಜಾವಾ, ಯೆಜ್ಡಿಗಳಿಗೆ ಈ ಕ್ರಮ ಹೊಂದುತ್ತದೆ. ರೋಡ್‌ಕಿಂಗ್‌ನ ವೈರಿಂಗ್ ಬೇರೆ, ಎಂಜಿನ್ ಕೆಲಸ ಬಹುಪಾಲು ಇದೇ. ಈಗಿನ ಹೊಸ ಯೆಜ್ಡಿಯ ಸಾಮಾನು ಇದಕ್ಕೆ ಕೂರುವುದಿಲ್ಲ, ಅದು ಫೋರ್ ಸ್ಟ್ರೋಕ್.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು, ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ತಾಳೆ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಆಸೆಯಿದ್ದರೆ ಅದು ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಅಭಿರುಚಿಯನ್ನೆಲ್ಲ ಬೋಲ್ಟ್ ಬಿಚ್ಚಿದರೆ ವಾಪಸ್ ಬರುವ ಭಾಗಗಳಲ್ಲಿ ತೋರಿಸಿ. ಫ್ರೇಮ್ ಕತ್ತರಿಸಿ ವೆಲ್ಡ್ ಮಾಡಿಸಬೇಡಿ. ಪೌಡರ್ ಕೋಟಿಂಗ್‌ಗೆ ಕೊಡುವಾಗ ಚಾಸಿಸ್ ನಂಬರಿನ ಮೇಲೆ ಟೇಪ್ ಹಚ್ಚಿಸಿ. ದಪ್ಪ ಕೋಟಿಂಗ್ ಅಚ್ಚನ್ನು ಮುಚ್ಚಿಬಿಟ್ಟರೆ ಆರ್‌ಟಿಒ ತಪಾಸಣೆಯಲ್ಲಿ ಉತ್ತರ ಕೊಡುವುದು ಕಷ್ಟ. ಬೇರಿಂಗ್ ಕೂರುವ ಕಪ್‌ಗಳಿಗೂ, ಬೋಲ್ಟ್ ಕೂರುವ ಥ್ರೆಡ್ ತೂತುಗಳಿಗೂ ಟೇಪ್ ಬೇಕು.

ಎಂಜಿನ್ ಬಿಚ್ಚುವಾಗ ಎರಡು ಕಡೆ ಜಾಗ್ರತೆ. ಬಲಗಡೆ ಡೈನಮೋ ಆರ್ಮೇಚರ್ ಕ್ರ್ಯಾಂಕಿನ ಟೇಪರ್ ಮೇಲೆ ಬಿಗಿಯಾಗಿ ಕೂತಿರುತ್ತದೆ. ಪುಲ್ಲರ್ ಬೋಲ್ಟ್ ಹಾಕಿಯೇ ತೆಗೆಯಿರಿ, ಸುತ್ತಿಗೆ ಬಿದ್ದರೆ ಕ್ರ್ಯಾಂಕ್ ವಾಲುತ್ತದೆ. ಎಡಗಡೆ ಪ್ರೈಮರಿ ಚೈನಿಗೆ ಲಿಂಕ್ ಇಲ್ಲ. ಎಂಜಿನ್ ಸ್ಪ್ರಾಕೆಟ್ಟನ್ನೂ ಕ್ಲಚ್ ಡ್ರಮ್ಮನ್ನೂ ಒಟ್ಟಿಗೇ ಹೊರಗೆಳೆಯಬೇಕು.

ಹಣ ಕಡಿಮೆಯಿದ್ದರೆ ಕ್ರೋಮ್ ಆಮೇಲೆ ಮಾಡಿಸಿ, ಕ್ರ್ಯಾಂಕ್ ಸೀಲ್ ಮಾತ್ರ ಈಗಲೇ ಹೊಸದು ಹಾಕಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಕ್ರ್ಯಾಂಕ್‌ಕೇಸೇ ಪಂಪು, ಎಲ್ಲಿ ಗಾಳಿ ಸೋರಿದರೂ ಕೆಲಸ ಕೆಡುತ್ತದೆ. ಎಡಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಆಯಿಲ್ ಮಟ್ಟವೂ ಇಳಿಯುತ್ತದೆ. ಡೈನಮೋ ಕಡೆಯದು ಹೋದರೆ ಹೊಗೆಯೇ ಇಲ್ಲ. ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಥ್ರಾಟಲ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೆ ಪಿಸ್ಟನ್ ಸೀಜ್. ಈ ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಕಾರ್ಬುರೇಟರ್ ದೋಷವೆಂದು ತಿಳಿದು ಅದನ್ನೇ ತಿರುವುತ್ತ ಕೂರುವವರು ಬಹಳ. ಎಂಜಿನ್ ಜೋಡಿಸಿದ ಮೇಲೆ ಇನ್‌ಲೆಟ್ ಮತ್ತು ಎರಡೂ ಸೈಲೆನ್ಸರ್ ಪೋರ್ಟ್ ಮುಚ್ಚಿ, ಕೈಪಂಪಿನಿಂದ 5 ಪಿಎಸ್‌ಐ ಗಾಳಿ ತುಂಬಿ. ಐದು ನಿಮಿಷ ಒತ್ತಡ ನಿಂತರೆ ಸರಿ. ಇಳಿದರೆ ಜೋಡಣೆಗಳಿಗೆ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ.

ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಆಡಿದರೆ ಹೊಸ ರಾಡ್ ಕಿಟ್ ಬೇಕು. ಕ್ರ್ಯಾಂಕ್ ಪ್ರೆಸ್ ಮಾಡಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ತೋರಿಸುವಂತೆ ಲೇತ್ ಅಂಗಡಿಯಲ್ಲಿ ಕೇಳಿ, ವಾಲಾಟ (ರನ್ಔಟ್) 0.03 ಮಿ.ಮೀ. ಒಳಗಿರಲಿ. ಸಿಲಿಂಡರ್ ಬೋರ್ ಮಾಡಿಸುವಾಗ, ಅಂದರೆ ಒಳಗೋಡೆ ಕೊರೆಸುವಾಗ, ಪಿಸ್ಟನ್ ಮೊದಲು ಕೊಂಡು ಜೊತೆಗೇ ಕೊಡಿ. ಪೆಟ್ಟಿಗೆಯ ಮೇಲಿನ ಅಳತೆಯನ್ನು ನಂಬಿ ಕೊರೆಯುವುದಲ್ಲ, ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಲ್ಲಿ ಅಳೆದು ಕೊರೆಯಬೇಕು. ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ. ಇದ್ದಲ್ಲಿ ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಗ್ಯಾಪ್ 0.06ರಿಂದ 0.08 ಮಿ.ಮೀ., ರಿಂಗ್ ತುದಿಗಳ ನಡುವೆ 0.25 ಮಿ.ಮೀ. ಆಸುಪಾಸು. ಬೋರ್ ಆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಬ್ಲೇಡಿನಂತಿರುತ್ತದೆ. ಅದನ್ನು ಉಜ್ಜಿ ಮೊಂಡು ಮಾಡದಿದ್ದರೆ ಹೊಸ ರಿಂಗು ಸಿಕ್ಕಿ ತುಂಡಾಗುತ್ತದೆ. ಈ ಕೆಲಸವನ್ನು ಎಷ್ಟೋ ಅಂಗಡಿಗಳು ಮರೆಯುತ್ತವೆ, ಬೆರಳಾಡಿಸಿ ನೋಡಿಯೇ ಸಿಲಿಂಡರ್ ತನ್ನಿ.

ಟ್ಯಾಂಕಿನ ತುಕ್ಕಿಗೆ ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಒಂದು ದಿನ ಬಿಡಿ. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಸುತ್ತಾಡಿಸಿ. ತಡಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಈಗಿನ ಎಥನಾಲ್ ಪೆಟ್ರೋಲ್ ಹಳೆ ರಬ್ಬರನ್ನು ಮೆದುವಾಗಿಸುವುದರಿಂದ ಪೈಪು, ಪೆಟ್ರೋಲ್ ಕಾಕಿನ ವಾಷರ್ ಎರಡೂ ಹೊಸದಿರಲಿ.

ಕರೆಂಟ್ ವಿಷಯದಲ್ಲಿ ಮಾತ್ರ ಮೂಲವನ್ನು ಬಿಟ್ಟುಕೊಡುವುದು ಲೇಸು. 6 ವೋಲ್ಟಿನ ಹೆಡ್‌ಲೈಟ್ ಇಂದಿನ ಹೆದ್ದಾರಿಗೆ ಸಾಲದು. ಜೆಕ್ ದೇಶದ ವೇಪ್ ಕಂಪನಿಯ 12 ವೋಲ್ಟ್ ಕಿಟ್‌ನಲ್ಲಿ ಡೈನಮೋ ಬದಲು ಅಯಸ್ಕಾಂತದ ರೋಟರ್ ಬರುತ್ತದೆ, ಪಾಯಿಂಟ್ ಇರುವುದಿಲ್ಲ, ಬ್ಯಾಟರಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ. ಬಲ್ಬು, ಹಾರ್ನ್, ಫ್ಲಾಶರ್ ಎಲ್ಲವೂ 12 ವೋಲ್ಟಿನದಾಗಬೇಕು. ಬಿಚ್ಚಿದ ಡೈನಮೋ ಎತ್ತಿಡಿ, ಮಾರಬೇಡಿ. ಪಾಯಿಂಟೇ ಇರಲಿ ಎನ್ನುವವರು ಗ್ಯಾಪ್ 0.4, ಪ್ಲಗ್ ಗ್ಯಾಪ್ 0.6 ಮಿ.ಮೀ. ಇಟ್ಟು, ಕಂಡೆನ್ಸರ್ ಹೊಸದು ಹಾಕಿ.

ಹ್ಯಾಂಡಲ್, ಸೀಟು, ಕನ್ನಡಿ ನಿಮ್ಮಿಷ್ಟ. ಚಪ್ಪಟೆ ಹ್ಯಾಂಡಲ್ ಹಾಕಿದರೆ ಕೇಬಲ್ ಉದ್ದವೂ ಕಡಿಮೆಯಾಗಬೇಕು. ಸೈಲೆನ್ಸರಿನೊಳಗಿನ ಸದ್ದು ತಗ್ಗಿಸುವ ಬ್ಯಾಫಲ್ ಕಿತ್ತರೆ ಸದ್ದು ಬರುತ್ತದೆ, ಕಡಿಮೆ ವೇಗದ ಎಳೆತ ಹೋಗುತ್ತದೆ. ಬ್ಯಾಫಲ್‌ನ ಕರಿ ತೆಗೆದು ವಾಪಸ್ ಹಾಕಿ. ತೆರೆದ ಏರ್ ಫಿಲ್ಟರ್ ಇಷ್ಟವಾದರೆ ಕಾರ್ಬುರೇಟರಿನ ಮೇನ್ ಜೆಟ್ ಒಂದೆರಡು ಸೈಜು ದೊಡ್ಡದು ಮಾಡದೆ ಓಡಿಸಬೇಡಿ. ಬ್ರೇಕಿಗೆ ಡಿಸ್ಕ್ ಕನಸು ಬೇಡ, ಡ್ರಮ್ಮಿನ ಒಳಮೈಯನ್ನು ಲೇತಿನಲ್ಲಿ ತಿರುವಿಸಿ ಅದಕ್ಕೆ ತಕ್ಕಂತೆ ಹೊಸ ಲೈನಿಂಗ್ ಉಜ್ಜಿಸಿದರೆ ಈ ವೇಗಕ್ಕೆ ಸಾಕು.

ಮೊದಲ 500 ಕಿ.ಮೀ. ಲೀಟರಿಗೆ 40 ಮಿ.ಲೀ. ಟೂ-ಟಿ ಆಯಿಲ್, ವೇಗ 50ರೊಳಗೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲ್ ನಿಂತರೆ ಅದರೊಂದಿಗೆ ಬರುವ ಆಯಿಲೂ ನಿಲ್ಲುತ್ತದೆ. ಆಗಾಗ ಥ್ರಾಟಲ್ ಕೊಂಚ ತೆರೆದು ಬಿಡಿ. 100 ಕಿ.ಮೀ. ಆದಾಗ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡವಾಗಿ ಮತ್ತೊಮ್ಮೆ ಬಿಗಿದು, ಪ್ಲಗ್ ಬಿಚ್ಚಿ ನೋಡಿ: ಕಾಫಿಪುಡಿ ಬಣ್ಣವಿದ್ದರೆ ಸರಿ, ಬೂದಿ ಬಿಳಿಯಿದ್ದರೆ ಕೂಡಲೇ ಗಾಳಿ ಸೋರಿಕೆ ಹುಡುಕಿ.