ಆಲ್ಗಾಂಕ್ವಿನ್‌ನಲ್ಲಿ ಟ್ರೌಟ್ ಬೇಕೆಂದರೆ ಮೊದಲು ವಾರ ಗೊತ್ತುಮಾಡಿ

ಕೆನಡಾದ ಒಂಟಾರಿಯೊದಲ್ಲಿರುವ ಆಲ್ಗಾಂಕ್ವಿನ್ ಪಾರ್ಕಿಗೆ ಕನೂ ದೋಣಿಯಲ್ಲಿ ಟ್ರೌಟ್ ಹಿಡಿಯಲು ಹೊರಡುವವರು ಸಾಮಾನ್ಯವಾಗಿ ‘ಯಾವ ಸರೋವರ ಒಳ್ಳೆಯದು?’ ಅಂತ ಕೇಳುತ್ತಾರೆ. ಯಾವ ವಾರ ಹೋಗ್ತೀರಿ ಅನ್ನೋದು ಅದಕ್ಕಿಂತ ಮುಖ್ಯ.

ಟ್ರೌಟ್ ತಣ್ಣೀರಿನ ಮೀನು. ಲೇಕ್ ಟ್ರೌಟ್‌ಗೆ 10 ಡಿಗ್ರಿ ಆಸುಪಾಸಿನ ನೀರು ಹಿತ. ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಮಂಜುಗಡ್ಡೆ ಕರಗುತ್ತದೆ. ಆಮೇಲೆ ಕೆಲವು ವಾರ ಮೇಲಿನ ನೀರೂ ತಣ್ಣಗಿರುವುದರಿಂದ ಮೀನು ದಡದ ಹತ್ತಿರವೇ ಓಡಾಡುತ್ತಿರುತ್ತದೆ. ಜುಲೈಗೆ ಹೋದರೆ ಅದೇ ಮೀನು ಆಳಕ್ಕೆ ಇಳಿದಿರುತ್ತದೆ, ಮಾಮೂಲಿ ಗಾಳ ಅಲ್ಲಿಗೆ ಮುಟ್ಟುವುದಿಲ್ಲ. ಮೇ ಮಧ್ಯದಿಂದ ಕಪ್ಪು ನೊಣಗಳ ಕಾಟವೂ ಶುರು. ಹಾಗಾಗಿ ನನ್ನ ಆಯ್ಕೆ ಮೇ ಮೊದಲ ಎರಡು ವಾರ.

ವಾರ ಗೊತ್ತಾದ ಮೇಲೆ ನಕ್ಷೆ ಬಿಡಿಸಿ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಹೊತ್ತು ನಡೆಯುವ ಹಾದಿಗೆ ಪೋರ್ಟೇಜ್ ಅಂತಾರೆ. ಅದರ ಉದ್ದ ನಕ್ಷೆಯಲ್ಲಿ ಮೀಟರ್‌ಗಳಲ್ಲಿ ಇರುತ್ತದೆ. ಆ ಅಂಕಿಯನ್ನು ಹಾಗೇ ನಂಬಬೇಡಿ. ದೋಣಿ ಒಂದು ಸಲ, ಚೀಲ ಇನ್ನೊಂದು ಸಲ ಹೊರುವುದಾದರೆ ನಡುವೆ ಬರಿಗೈಲಿ ವಾಪಸ್ ಬರಬೇಕು. 1,500 ಮೀಟರ್ ಹಾದಿ ನಿಮ್ಮ ಕಾಲಿಗೆ ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ, ಅದೂ ಬೇರು, ಕೆಸರು, ಏರಿನ ಮೇಲೆ. ಹಾಗಂತ ಹಿಂಜರಿಯಬೇಡಿ: ಉದ್ದನೆಯ ಒಂದು ಪೋರ್ಟೇಜ್ ದಾಟಿದರೆ ಜನ ತಟ್ಟನೆ ಕಡಿಮೆಯಾಗುತ್ತಾರೆ. ಹೆಗಲು ಉರಿಯುತ್ತಿರುವಾಗ ಮರಗಳ ಸಂದಿಯಲ್ಲಿ ನೀರು ಮಿಂಚಿದರೆ ಆಗುವ ಖುಷಿಯೇ ಬೇರೆ.

ಮೀನುಗಾರಿಕೆ ಲೈಸೆನ್ಸ್, ತಂಗುವ ಪರ್ಮಿಟ್ ಎರಡೂ ಮುಂಚೆಯೇ ಮಾಡಿಸಿಕೊಳ್ಳಿ. ಆಯಾ ವರ್ಷದ ನಿಯಮ ಓದಿ. ಜೀವಂತ ಮೀನನ್ನು ಎರೆಯಾಗಿ ಒಯ್ಯುವಂತಿಲ್ಲ. ಹೊರಗಿನ ಮೀನು ತಪ್ಪಿಸಿಕೊಂಡು ಸೇರಿಕೊಂಡರೆ ಇಲ್ಲಿನ ಇನ್ನೊಂದು ಬಗೆಯ ಟ್ರೌಟ್ ಆದ ಬ್ರೂಕ್ ಟ್ರೌಟ್‌ನ ಆಹಾರಕ್ಕೆ ಪೈಪೋಟಿ ಹುಟ್ಟುತ್ತದೆ. ಪಾರ್ಕಿನ ಒಳಭಾಗಕ್ಕೆ ಬಳಸಿ ಎಸೆಯುವ ಡಬ್ಬಿ, ಬಾಟಲಿಗಳೂ ನಿಷಿದ್ಧ, ಊಟವನ್ನು ಚೀಲಗಳಿಗೆ ತುಂಬಿಕೊಳ್ಳಿ. ರಾತ್ರಿ ಅದು ಗುಡಾರದಲ್ಲಿರಬಾರದು, ಕರಡಿಗೆ ಎಟುಕದಂತೆ ದೂರದ ಮರಕ್ಕೆ ನೇತುಹಾಕಿ.

ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟುಕೊಳ್ಳಿ. ವಾಪಸ್ ಬಿಡುವ ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣಗೈಗೆ ಅದರ ಮೈಮೇಲಿನ ಲೋಳೆ ಅಂಟಿ ಬರುತ್ತದೆ, ಮೀನಿಗೆ ಸೋಂಕಿನಿಂದ ರಕ್ಷಣೆ ಆ ಲೋಳೆಯೇ. ತೊರೆ ಬಂದು ಸೇರುವ ಜಾಗ ಕಂಡರೆ ಅಲ್ಲೇ ಮೊದಲು ಗಾಳ ಹಾಕಿ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮೀನಿಗೆ ಹಿತವಾದ ಆ ತಣ್ಣೀರು ಮನುಷ್ಯನನ್ನು ಕೊಲ್ಲುತ್ತದೆ. ಬಿದ್ದ ತಕ್ಷಣ ಉಸಿರು ಹತೋಟಿ ತಪ್ಪುತ್ತದೆ, ಹತ್ತು ನಿಮಿಷದೊಳಗೆ ಕೈಕಾಲು ಮರಗಟ್ಟುತ್ತವೆ. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲೆ ಇರಬೇಕು. ಓಪಿಯಾಂಗೊದಂಥ ದೊಡ್ಡ ಸರೋವರವನ್ನು ಗಾಳಿ ಏಳುವ ಮುಂಚೆ, ಬೆಳಗ್ಗೆಯೇ, ದಡ ಹಿಡಿದು ದಾಟಿ. ಗಾಳಿ ಜೋರಾದರೆ ಅಲ್ಲೇ ನಿಲ್ಲಿ. ಅದಕ್ಕಾಗಿಯೇ ಯೋಜನೆಯಲ್ಲಿ ಒಂದು ದಿನ ಖಾಲಿ ಇಡಿ, ಒಂದು ದಿನದ ಊಟ ಹೆಚ್ಚಿಗೆ ಕಟ್ಟಿಕೊಳ್ಳಿ, ಮನೆಯವರಿಗೂ ಆ ಹೆಚ್ಚುವರಿ ದಿನ ಸೇರಿಸಿಯೇ ವಾಪಸ್ ಬರುವ ತಾರೀಖು ಹೇಳಿ.