ತಲೆ ಎತ್ತಿಸಿ ನೋಡೋದು ಬಿಟ್ಟೆ, ಹೆಬ್ಬೆರಳಿನ ನಂಬರ್ ಹಿಡಿದೆ

ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ. ಇಲ್ಲಿನ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಬ್ಯಾಗ್ ಹಿಡಿದು ಹೋಗಿ ಅನಸ್ತೇಷಿಯಾ ಕೊಡುವವನು ನಾನು. ಈಗ ಎರಡು ವರ್ಷದ ಮೇಲಾಯಿತು, ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಔಷಧಿ) ಕೊಟ್ಟ ಯಾವ ಪೇಷೆಂಟಿಗೂ ಟಿಓಎಫ್ ರೇಶಿಯೊ 0.9 ಮುಟ್ಟದೆ ಉಸಿರಿನ ಟ್ಯೂಬ್ ತೆಗೆದಿಲ್ಲ. ಮಣಿಕಟ್ಟಿನ ನರಕ್ಕೆ ಸಾಲಾಗಿ ನಾಲ್ಕು ಸಲ ಸಣ್ಣ ಕರೆಂಟ್ ಕೊಟ್ಟಾಗ ಹೆಬ್ಬೆರಳು ಮಿಡಿಯುತ್ತದೆ; ನಾಲ್ಕನೇ ಮಿಡಿತ ಮೊದಲನೆಯದರ ಎಷ್ಟು ಪಾಲು ಅನ್ನೋದೇ ಈ ರೇಶಿಯೊ. ಔಷಧಿ ಇಳಿದಷ್ಟೂ ಅದು 1ರ ಹತ್ತಿರ ಬರುತ್ತದೆ. "ಇದೆಲ್ಲ ದೊಡ್ಡ ಆಸ್ಪತ್ರೆಯವರಿಗೆ ಸರಿ, ನಮ್ಮ ಕಡೆ ನಡೆಯಲ್ಲ" ಅಂದವರೇ ಜಾಸ್ತಿ. ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಾದ ಉಲ್ಟಾ. ದೊಡ್ಡ ಆಸ್ಪತ್ರೆಯಲ್ಲಿ ಐಸಿಯು ಇದೆ, ವೆಂಟಿಲೇಟರ್ ಇದೆ, ಕೂಗಿದರೆ ಇನ್ನೊಬ್ಬರು ಬರುತ್ತಾರೆ. ನಮ್ಮಲ್ಲಿ ರಿಕವರಿ ಅಂದರೆ ವಾರ್ಡಿನ ಒಂದು ಮೂಲೆ, ಒಂದು ಪಲ್ಸ್ ಆಕ್ಸಿಮೀಟರ್, ಒಬ್ಬರು ಸಿಸ್ಟರ್. ರಾತ್ರಿ ಹನ್ನೊಂದಕ್ಕೆ ಮಳವಳ್ಳಿಯಲ್ಲಿ ಆಕ್ಸಿಜನ್ ಸ್ಯಾಚುರೇಶನ್ ಬಿದ್ದರೆ ಮಂಡ್ಯಕ್ಕೋ ಮೈಸೂರಿಗೋ ಆಂಬ್ಯುಲೆನ್ಸ್ ಹತ್ತಿಸಬೇಕು. ಹಾಗಾದರೆ ಈ ನಂಬರ್ ಜಾಸ್ತಿ ಬೇಕಾಗಿರೋದು ಯಾರಿಗೆ? ನಮಗೇ ಅಲ್ವಾ?

ಮೊದಲು ತಂದಿದ್ದು ಹದಿನೈದು ಸಾವಿರದ ಆಸುಪಾಸಿನ ಸಾದಾ ನರ್ವ್ ಸ್ಟಿಮ್ಯುಲೇಟರ್. ನರಕ್ಕೆ ಕರೆಂಟ್ ಕೊಡುತ್ತದೆ, ಅಳತೆ ತೋರಿಸಲ್ಲ. ನಾಲ್ಕು ಟ್ವಿಚ್ (ಮಿಡಿತ) ಎಣಿಸೋದಕ್ಕೆ ಚೆನ್ನಾಗಿತ್ತು. ಆದರೆ ರೇಶಿಯೊ 0.4 ದಾಟಿದ ಮೇಲೆ ಫೇಡ್, ಅಂದರೆ ಮಿಡಿತ ಒಂದಕ್ಕಿಂತ ಒಂದು ಕುಗ್ಗೋದು, ಇದೆಯೋ ಇಲ್ಲವೋ ಯಾರ ಕಣ್ಣಿಗೂ ಕಾಣಲ್ಲ, ಯಾರ ಕೈಗೂ ಸಿಗಲ್ಲ. 0.4ರಿಂದ 0.9ರ ನಡುವೆಯೇ ನಮ್ಮ ತೊಂದರೆಯೆಲ್ಲ ಇರೋದು. ಆ ಹೊತ್ತಿನಲ್ಲಿ ಪೇಷೆಂಟ್ ಕಣ್ಣು ಬಿಡುತ್ತಾರೆ, ಕೈ ಹಿಡಿಯುತ್ತಾರೆ, ತಲೆಯನ್ನೂ ಐದು ಸೆಕೆಂಡ್ ಎತ್ತುತ್ತಾರೆ. ಗಂಟಲಿಗೆ ಮಾತ್ರ ಇನ್ನೂ ಶಕ್ತಿ ಬಂದಿರಲ್ಲ.

ಹಾಗಾಗಿ ಅಳತೆ ಕೊಡುವ ಮೆಷಿನ್ನೇ ಬೇಕಾಯಿತು. ಒಂದೂವರೆ ಲಕ್ಷದ ಮೇಲಾಯಿತು ಅಂತ ನೆನಪು. ನಾಲ್ಕು ನರ್ಸಿಂಗ್ ಹೋಮ್ ಸೇರಿ ಹಾಕಿಕೊಳ್ಳಿ ಅಂತ ಕೇಳಿದೆ. ಒಬ್ಬರೂ ಒಪ್ಪಲಿಲ್ಲ. ನಾನೇ ಕೊಂಡೆ. ಕೇಸಿಗೆ ಇನ್ನೂರು ರೂಪಾಯಿ ಸೇರಿಸಿದೆ, ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಆರು ತಿಂಗಳಿಗೆ ಸೆನ್ಸರ್ ವೈರ್ ಒಳಗೇ ತುಂಡಾಯಿತು, ಅದಕ್ಕೊಂದು ಹದಿನೈದು ಸಾವಿರ. ಎಲೆಕ್ಟ್ರೋಡ್ ಖರ್ಚು ಖರ್ಚೇ ಅಲ್ಲ, ಎರಡು ಇಸಿಜಿ ಎಲೆಕ್ಟ್ರೋಡ್ ಸಾಕು. ಆದರೆ ಪ್ಯಾಕೆಟ್ ಒಡೆದಿಟ್ಟು ಒಣಗಿದ್ದನ್ನು ಹಾಕಬೇಡಿ, ಕರೆಂಟೇ ಹತ್ತಲ್ಲ. ಗದ್ದೆ ಕೆಲಸ ಮಾಡಿದ ಕೈಯಾದರೆ ಮಣಿಕಟ್ಟನ್ನು ಸ್ಪಿರಿಟ್ ಹಾಕಿ ಗಾಜ್‌ನಿಂದ ಚೆನ್ನಾಗಿ ಉಜ್ಜಿ, ಒಣಗಿದ ಮೇಲೆ ಅಂಟಿಸಿ.

ಮೊದಲ ಕೆಲವು ತಿಂಗಳು ನಂಬರ್ ಕೈಕೊಡುತ್ತಿತ್ತು. ರಿಲ್ಯಾಕ್ಸೆಂಟ್ ಕೊಡುವ ಮುಂಚೆಯೇ ರೇಶಿಯೊ 1.1, 1.15 ತೋರಿಸುತ್ತಿತ್ತು. ಮೆಷಿನ್ ಕೆಟ್ಟಿದೆ ಅಂದುಕೊಂಡು ಕಂಪನಿಯವರನ್ನು ಕರೆಸಿದೆ. ಕೆಟ್ಟಿರಲಿಲ್ಲ. ಹೆಬ್ಬೆರಳಿನ ಚಲನೆ ಅಳೆಯುವ ಆಕ್ಸೆಲೆರೋಮೀಟರಿನ ಸ್ವಭಾವವೇ ಅದು. ಬೇಸ್‌ಲೈನ್ (ರಿಲ್ಯಾಕ್ಸೆಂಟಿಗೆ ಮುಂಚಿನ ನಂಬರ್) 1.15 ಇದ್ದರೆ ಕೊನೆಯಲ್ಲಿ 0.9 ನೋಡಿ ಟ್ಯೂಬ್ ತೆಗೆಯುವ ಹಾಗಿಲ್ಲ, ಅದರ 0.9 ಪಾಲು, ಅಂದರೆ 1.03ರ ಮೇಲೆ ಬರಬೇಕು. ಬೇಸ್‌ಲೈನ್ ತೆಗೆದಿಲ್ಲ ಅಂದರೆ 1.0ವರೆಗೆ ಕಾಯಿರಿ. ಕ್ಯಾಲಿಬ್ರೇಶನ್ನು (ಮೆಷಿನ್ ಹೊಂದಿಸೋದು) ನಿದ್ದೆ ಬರಿಸುವ ಪ್ರೊಪೊಫಾಲ್ ಆದ ಮೇಲೆ, ರಿಲ್ಯಾಕ್ಸೆಂಟಿಗೆ ಮುಂಚೆ. ಎಲೆಕ್ಟ್ರೋಡ್ ಮೊದಲೇ ಅಂಟಿಸಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ.

ಲ್ಯಾಪರೋಸ್ಕೋಪಿಯಲ್ಲಿ ಕೈಯನ್ನು ಪಕ್ಕಕ್ಕೆ ಸೇರಿಸಿ ಕಟ್ಟುತ್ತಾರೆ. ಹೆಬ್ಬೆರಳು ಡ್ರೇಪ್‌ಗೆ ತಾಗಿದರೆ ನಂಬರ್ ಸುಳ್ಳಾಗುತ್ತದೆ. ಇದಕ್ಕೆ ಒಂದು ಹಳೇ ಸ್ಪ್ಲಿಂಟ್ ಕತ್ತರಿಸಿ ನಾನೇ ಒಂದು ಗೂಡು ಮಾಡಿಕೊಂಡಿದ್ದೇನೆ. ಅದರ ಅಳತೆ, ಮಡಿಕೆ ಇಲ್ಲಿ ಬರೆಯಲ್ಲ. ಓಟಿಗೆ ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ.

ಕೈ ಸಿಗದಿದ್ದಾಗ ಹುಬ್ಬಿನ ಹತ್ತಿರ ಹಾಕುವವರಿದ್ದಾರೆ. ಒಂದಷ್ಟು ಕೇಸಿನಲ್ಲಿ ಎರಡೂ ಕಡೆ ಒಟ್ಟಿಗೇ ಹಾಕಿ ನೋಡಿದೆ. ಹುಬ್ಬಿನಲ್ಲಿ ನಾಲ್ಕೂ ಟ್ವಿಚ್ ಬಂದಾಗ ಹೆಬ್ಬೆರಳಿನಲ್ಲಿ ಒಂದೋ ಎರಡೋ. ಆಪರೇಷನ್ ನಡುವೆ ಹುಬ್ಬು ನೋಡಿ, ಬೇಡ ಅನ್ನಲ್ಲ. ರಿವರ್ಸಲ್ (ರಿಲ್ಯಾಕ್ಸೆಂಟ್ ಪ್ರಭಾವ ಇಳಿಸುವ ಔಷಧಿ) ಕೊಡುವ ಮುಂಚೆ ಕೈ ಹೊರಗೆ ತೆಗೆಸಲೇಬೇಕು.

ಸರ್ಜನ್‌ಗಳ ತಕರಾರು ಟೈಮಿನದು. "ಏನ್ ಸಾರ್, ಡ್ರೆಸ್ಸಿಂಗ್ ಆಯ್ತು, ಪೇಷೆಂಟ್ ಕಣ್ಣು ಬಿಟ್ರು, ಇನ್ನೂ ಕರೆಂಟ್ ಕೊಡ್ತಾ ಕೂತಿದ್ದೀರಲ್ಲ" ಅಂತ ಒಬ್ಬರು ನೇರವಾಗೇ ಕೇಳಿದರು. ಮೊದಮೊದಲು ಹತ್ತು ಹದಿನೈದು ನಿಮಿಷ ಜಾಸ್ತಿ ಆಗುತ್ತಿದ್ದುದು ನಿಜ. ಗಡಿಯಾರ ನೋಡಿ ರಿಲ್ಯಾಕ್ಸೆಂಟ್ ಟಾಪ್ ಅಪ್ ಹಾಕೋದು ನಿಲ್ಲಿಸಿದ ಮೇಲೆ ಅದು ಸರಿಹೋಯಿತು. ಈಗ ಎರಡನೇ ಟ್ವಿಚ್ ಬರದೆ ಮುಂದಿನ ಡೋಸ್ ಇಲ್ಲ. ವೆಕ್ಯುರೋನಿಯಂ (ಒಂದು ರಿಲ್ಯಾಕ್ಸೆಂಟ್) ಖರ್ಚು ಮೂರನೇ ಒಂದು ಭಾಗ ಇಳಿದಿರಬೇಕು. ನಾಲ್ಕನೇ ಟ್ವಿಚ್ ಬಂದ ಮೇಲೇ ರಿವರ್ಸಲ್ ಔಷಧಿ ನಿಯೋಸ್ಟಿಗ್ಮಿನ್, ಕೆಜಿಗೆ 50 ಮೈಕ್ರೋಗ್ರಾಂ ಒಳಗೆ, ಜೊತೆಗೆ ಎದೆಬಡಿತ ಇಳಿಯದಂತೆ ಗ್ಲೈಕೋಪೈರೊಲೇಟ್. ನಿಯೋಸ್ಟಿಗ್ಮಿನ್ ಹೊಲಿಗೆ ಶುರುವಾದಾಗ ಕೊಡಬೇಕು, ಡ್ರೆಸ್ಸಿಂಗ್ ಆದಮೇಲಲ್ಲ. ಪೂರ್ತಿ ಕೆಲಸ ಮಾಡೋದಕ್ಕೆ ಅದಕ್ಕೆ ಹತ್ತು ನಿಮಿಷ ಬೇಕೇ ಬೇಕು. ಎರಡೇ ಟ್ವಿಚ್ ಇದ್ದಾಗ ಕೊಟ್ಟು ಕಾದವರಿಗೆ ಗೊತ್ತು ಆ ಕಾಯುವಿಕೆ. ಮೇಲೆ ಇನ್ನೊಂದು ಆಂಪೂಲ್ ಸುರಿದರೂ ಪ್ರಯೋಜನವಿಲ್ಲ. ತಾನಾಗೇ 0.9 ಬಂದಿದ್ದರೆ ನಿಯೋಸ್ಟಿಗ್ಮಿನ್ ಬೇಡವೇ ಬೇಡ.

ಫಿಟ್ಸ್ ಬಂದ ಗರ್ಭಿಣಿಯರಿಗೆ ಮ್ಯಾಗ್ನೀಸಿಯಂ ಹೋಗಿರುತ್ತದೆ. ಅವರಲ್ಲಿ ರಿಲ್ಯಾಕ್ಸೆಂಟನ್ನು ಮಾಮೂಲಿ ಡೋಸಿನ ಅರ್ಧ ಕೊಟ್ಟರೂ ಟ್ವಿಚ್ ವಾಪಸ್ ಬರೋದು ತುಂಬಾ ತಡ. ಮೆಷಿನ್ ಇಲ್ಲದೆ ಇಂಥ ಕೇಸ್ ಈಗ ನಾನು ಮುಟ್ಟಲ್ಲ. ಬೆಳೆಗೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಕುಡಿದು ಬಂದವರಿಗೆ ಸಕ್ಸಮೆಥೋನಿಯಂ ಅನ್ನೋ ರಿಲ್ಯಾಕ್ಸೆಂಟ್ ದೂರವೇ ಇಡಿ, ಅದನ್ನು ಒಡೆಯುವ ಕೋಲಿನೆಸ್ಟರೇಸ್ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲ್ಲ.

ಅಟ್ರಾಕ್ಯೂರಿಯಂ ಅನ್ನೋ ಇನ್ನೊಂದು ರಿಲ್ಯಾಕ್ಸೆಂಟ್ ಐಸ್ ಬಾಕ್ಸಿನಲ್ಲೇ ಓಡಾಡುತ್ತದೆ, 2ರಿಂದ 8 ಡಿಗ್ರಿ. ಒಮ್ಮೆ ಹೊರಗೆ ಬಂದ ಆಂಪೂಲ್ ಮೇಲೆ ತಾರೀಖು ಬರೆಯುತ್ತೇನೆ, 14 ದಿನ ದಾಟಿದರೆ ಬಿಸಾಕೋದೇ. ಸಿರಿಂಜ್‌ಗೆ ಕೆಂಪು ಲೇಬಲ್ ನಾನೇ ಅಂಟಿಸುತ್ತೇನೆ, ಬೇರೆಯವರು ತುಂಬಿಟ್ಟ ರಿಲ್ಯಾಕ್ಸೆಂಟ್ ಕೊಡಲ್ಲ.

ಸುಗಮಾಡೆಕ್ಸ್ (ಇನ್ನೊಂದು ರಿವರ್ಸಲ್ ಔಷಧಿ) ಎರಡು ವಯಲ್ ಬ್ಯಾಗಿನಲ್ಲಿರುತ್ತದೆ. ಬಳಸಿದರೆ ಮಾತ್ರ ಬಿಲ್ಲಿಗೆ, ಕೊಂಡ ರೇಟಿಗೇ. ಎರಡು ಟ್ವಿಚ್ ಇದ್ದರೆ ಕೆಜಿಗೆ 2 ಮಿಲಿಗ್ರಾಂ. ರೊಕ್ಯುರೋನಿಯಂ, ವೆಕ್ಯುರೋನಿಯಂಗೆ ಮಾತ್ರ ಕೆಲಸ ಮಾಡುತ್ತದೆ, ಅಟ್ರಾಕ್ಯೂರಿಯಂಗೆ ಇಲ್ಲ. ಇದು ಹೋದ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ 7 ದಿನ ಬೇರೆ ವಿಧಾನವನ್ನೂ ಬಳಸಬೇಕು. ಅದನ್ನು ಡಿಸ್ಚಾರ್ಜ್ ಶೀಟಿನಲ್ಲಿ ಕನ್ನಡದಲ್ಲೇ ಬರೆಸಿ, ಸಿಸ್ಟರ್ ಕೈಯಲ್ಲಿ ಒಂದು ಸಲ ಓದಿ ಹೇಳಿಸುತ್ತೇನೆ.