ರಿವಾಲ್ವರ್ ಹಿಡಿ ಬೀಟೆಯದೋ ಅಕ್ರೋಟಿನದೋ: ನನ್ನ ಅನುಭವ

ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಗೌಡರೊಬ್ಬರು ಹೋದ ಬೇಸಿಗೆಯಲ್ಲಿ ದಾವಣಗೆರೆಯ ನನ್ನ ಅಂಗಡಿಗೆ ಬಂದು ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಅವರಜ್ಜನ ಸ್ಮಿತ್ ಅಂಡ್ ವೆಸನ್ .32 ರಿವಾಲ್ವರಿನ ಹಿಡಿಯ ಎರಡು ಪಾಲು ಇದ್ದವು. ಲೈಸೆನ್ಸ್ ಅವರ ಹೆಸರಲ್ಲೇ ಇದೆ. ಆದರೂ ರಿವಾಲ್ವರ್ ತರಬೇಡಿ, ಬಂದೂಕು ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿಸಿ ಮರ ಮಾತ್ರ ತನ್ನಿ ಅಂತ ಫೋನಿನಲ್ಲೇ ಹೇಳಿದ್ದೆ. ಎಡಗಡೆ ಪಾಲಿನ ಕೆಳತುದಿ ಚಕ್ಕೆ ಎದ್ದು ಹೋಗಿತ್ತು. ತೇಪೆ ಹಾಕಬೇಕಿತ್ತು.

"ಬೀಟೆ ಮರ ಮೇಸ್ತ್ರಿ. ನಮ್ಮಜ್ಜ ಹಂಗೇ ಹೇಳ್ತಿದ್ರು. ನಿಮ್ಮತ್ರ ಬೀಟೆ ಚೂರು ಇದ್ರೆ ಅದನ್ನೇ ಕೂರಿಸಿಬಿಡಿ."

ನೋಡಲು ಬೀಟೆಯಂತೆಯೇ ಕಪ್ಪಗಿತ್ತು. ಆದರೆ ಹಳೆಯ ಹಿಡಿಯ ಬಣ್ಣ ನಂಬುವಂಥದ್ದಲ್ಲ. ಕೈಯ ಬೆವರು, ಬಂದೂಕಿನ ಎಣ್ಣೆ, ಕೊಳೆ ಎಲ್ಲ ಸೇರಿ ಯಾವ ಮರವನ್ನಾದರೂ ಕಪ್ಪು ಮಾಡುತ್ತವೆ. ಕೆಲವು ವರ್ಷದ ಹಿಂದೆ ಬಣ್ಣ ನೋಡಿಯೇ ಒಂದು ಹಳೆ ಹಿಡಿಗೆ ಬೀಟೆಯಲ್ಲಿ ಜೋಡಿ ಮಾಡಿಕೊಟ್ಟಿದ್ದೆ. ಎಣ್ಣೆ ಹಚ್ಚಿದ ಮೇಲೆ ನನ್ನದು ನೇರಳೆ ಕಪ್ಪಾಗಿ ನಿಂತಿತು, ಹಳೆಯದು ಕಂದು. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಹಾಗಾಗಿ ಈ ಸಲ ಮೊದಲು ಒಳಮೈ ನೋಡಿದೆ. ಬಲಗಡೆ ಪಾಲಿನ ಒಳಗೆ ಪೆನ್ಸಿಲಿನಲ್ಲಿ ಬರೆದ ನಂಬರ್ ಮಸುಕಾಗಿ ಕಂಡಿತು. ಸ್ಮಿತ್ ಅಂಡ್ ವೆಸನ್‌ನವರು ಹಿಂದೆ ಬಲ ಪಾಲಿನ ಒಳಗೆ ಹೀಗೆ ರಿವಾಲ್ವರಿನ ನಂಬರ್ ಹಾಕುತ್ತಿದ್ದರು. ಗೌಡರ ಲೈಸೆನ್ಸ್ ಪುಸ್ತಕದಲ್ಲೂ ಅದೇ ನಂಬರ್. ಅಂದ್ರೆ ಇದು ಇಲ್ಲಿ ಯಾರೋ ಆಮೇಲೆ ಮಾಡಿ ಕೂರಿಸಿದ್ದಲ್ಲ, ಅಮೆರಿಕದಿಂದಲೇ ಬಂದ ಮರ. ಅಲ್ಲಿಯ ಹಳೆ ಮರದ ಹಿಡಿಗಳಲ್ಲಿ ಜಾಸ್ತಿ ಕಾಣುವುದು ಅಕ್ರೋಟ್, ಅಂದರೆ ವಾಲ್‌ನಟ್. ಬೀಟೆಯ ಮೇಲೆ ಅನುಮಾನ ಬಂದಿದ್ದು ಇಲ್ಲೇ.

ಆಮೇಲೆ ತೂಕ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಚೆನ್ನಾಗಿದ್ದ ಬಲ ಪಾಲನ್ನು ಇಟ್ಟೆವು: 12.9 ಗ್ರಾಂ. ನಂತರ ನೀರು ಹಾಕಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದೆವು. ಹಿಡಿಯನ್ನು ಸೂಜಿ ಮೊನೆಯಿಂದ ಮೆಲ್ಲಗೆ ಒತ್ತಿ, ಲೋಟದ ತಳ, ಗೋಡೆ ತಾಗದಂತೆ ಪೂರ್ತಿ ಮುಳುಗಿಸಿದೆ. ತಕ್ಕಡಿ 20.1 ಗ್ರಾಂ ತೋರಿಸಿತು. ಅದು ಮರ ಸರಿಸಿದ ನೀರಿನ ತೂಕ, ಹಾಗಾಗಿ ಆ ಗ್ರಾಮೇ ಮರದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತಕ್ಷಣ ತೆಗೆದು ಒರೆಸಿದೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ 0.64. ಹಿಡಿಯಲ್ಲಿ ಕೂರಿಸಿದ್ದ ಲೋಹದ ಬಿಲ್ಲೆಯ ಭಾರ ಕಳೆದರೆ ಇನ್ನೂ ಕಡಿಮೆ. ಒಣಗಿದ ಬೀಟೆ ಸಾಮಾನ್ಯವಾಗಿ 0.8ರ ಆಸುಪಾಸು ಬರುತ್ತದೆ. ಆದ್ರೆ ಸಾಗುವಾನಿಯೂ ಸುಮಾರು 0.65 ತೂಗುತ್ತದೆ, ಅಲ್ವಾ? ಹಾಗಾಗಿ ಬರೀ ತೂಕದಿಂದ ತೀರ್ಮಾನ ಮಾಡುವಂತಿಲ್ಲ.

ಗುಟ್ಟು ಇರುವುದು ಮರದ ಅಡ್ಡ ಕೊಯ್ತದಲ್ಲಿ. ಚಕ್ಕೆ ಎದ್ದ ಜಾಗದಲ್ಲಿ, ಕಡ್ಡಿಪೆಟ್ಟಿಗೆಯ ಕಡ್ಡಿ ತಲೆಯಷ್ಟು ಅಗಲವನ್ನು ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೆತ್ತಿದೆ. ಮರಳು ಕಾಗದ ಉಜ್ಜಬಾರದು. ಧೂಳು ಮರದ ಸಣ್ಣ ತೂತುಗಳಲ್ಲಿ ಕೂತು ಏನೂ ಕಾಣುವುದಿಲ್ಲ. ಒಂದು ಹನಿ ನೀರು ಸವರಿ, ಅಕ್ಕಸಾಲಿಗರ ಲೂಪ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಕಣ್ಣಿಗೆ ಹಿಡಿದು ಬಿಸಿಲಿಗೆ ಬಂದೆ.

ಬೀಟೆಯಾಗಿದ್ದರೆ ತೂತುಗಳು ಎಲ್ಲೆಡೆ ಚದುರಿರುತ್ತವೆ, ಅವುಗಳ ಸುತ್ತ ರೆಕ್ಕೆ ಬಿಚ್ಚಿದಂತೆ ತಿಳಿ ಬಣ್ಣದ ಗೆರೆಗಳು ಇರುತ್ತವೆ. ಸಾಗುವಾನಿಯಲ್ಲಿ ಪ್ರತಿ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ತೂತುಗಳ ಸಾಲೇ ಕಾಣುತ್ತದೆ, ದಾಟಿದ ಕೂಡಲೇ ಚಿಕ್ಕವು. ಇಲ್ಲಿ ಎರಡೂ ಇರಲಿಲ್ಲ. ಉಂಗುರದ ಶುರುವಿನಲ್ಲಿ ದೊಡ್ಡ ತೂತು, ಮುಂದೆ ಹೋದಂತೆ ಮೆಲ್ಲಮೆಲ್ಲಗೆ ಚಿಕ್ಕದು, ಕೊನೆಗೆ ಸೂಜಿ ಚುಚ್ಚಿದಷ್ಟು. ಅದು ಅಕ್ರೋಟಿನ ಗುರುತು. ನನಗೆ ಎಷ್ಟು ಖುಷಿಯಾಯಿತೆಂದರೆ ಗೌಡರ ಕಣ್ಣಿಗೂ ಲೂಪ್ ಹಿಡಿಸಿ ತೋರಿಸಿದೆ.

ಅವರ ಅಳಿಯ ಹೊನ್ನೆ ಇರಬಹುದು ಅಂದಿದ್ದರಂತೆ. ಕೆತ್ತಿದ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಲ್ಲಿಟ್ಟೆ. ಹೊನ್ನೆ ಲೋಟದ ನೀರು ಹೇಗೆ ನೀಲಿ ಮಿಂಚುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಲ್ಲಿ ಮಿಂಚಲಿಲ್ಲ.

ಅಮೆರಿಕದ ಕರಿ ಅಕ್ರೋಟಿಗೂ ಕಾಶ್ಮೀರದ ಅಕ್ರೋಟಿಗೂ ಲೂಪಿನಲ್ಲಿ ಫರಕು ಕಾಣುವುದು ಕಷ್ಟ. ತೇಪೆಗೆ ಅದೇ ಅನುಕೂಲವಾಯಿತು. ಮುರಿದ ಕಾಶ್ಮೀರಿ ಒಡವೆ ಪೆಟ್ಟಿಗೆಯ ಮುಚ್ಚಳ ಅಟ್ಟದ ಮೇಲೆ ಇತ್ತು. ಎಳೆ ಓಡುವ ದಿಕ್ಕು ಹೊಂದಿಸಿ ಚೂರು ಕೊಯ್ದು ಅಂಟಿಸಿದೆ. ಹಿಡಿಯ ಮೇಲೆ ಕೆತ್ತಿದ್ದ ಚೌಕಳಿ ಗೆರೆಗಳನ್ನು ತೇಪೆಯ ಮೇಲೂ ಮುಂದುವರಿಸಲು ಎರಡು ದಿನ ಹಿಡಿಯಿತು. ಹಳೆಯ ಮೆರುಗನ್ನು ಮುಟ್ಟಲಿಲ್ಲ, ತೇಪೆಗೆ ಮಾತ್ರ ಬಣ್ಣ ಕೊಟ್ಟೆ.

ಕೊಡುವ ಮುಂಚೆ ಎಡ ಪಾಲಿನ ಒಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದೆ: ಅಕ್ರೋಟ್, ತೇಪೆ ಕಾಶ್ಮೀರಿ, ದಾವಣಗೆರೆ. ಮುಂದೆ ಯಾರಾದರೂ ಬಿಚ್ಚಿದರೆ ಅವರಿಗೆ ಬೇಕಾಗುತ್ತದೆ.